ಶನಿವಾರದ ಹೋಸು

ಬೆಂಕಿ ಇಂಜಿನ್ ಬಂದರೆ ಜನ ನೋಡುವುದು ಎರಡನ್ನೇ. ಒಂದು ಆ ಕೆಂಪು ಗಾಡಿ, ಇನ್ನೊಂದು ಮುಂದೆ ನಿಂತು ಹಿತ್ತಾಳೆ ಮೂತಿಯಿಂದ ನೀರು ಚಿಮ್ಮಿಸುವ ಗಂಡಸು. ಅವೆರಡರ ನಡುವೆ ಐನೂರು ಅಡಿ ಹೋಸು, ನೀರು ಹರಿಯುವ ನಾರಿನ ಕೊಳವೆ, ಮಣ್ಣಿನಲ್ಲಿ ಬಿದ್ದಿರುತ್ತದಲ್ಲ, ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕಾಲಿಗೆ ಸಿಕ್ಕಿ ಎಡವಿದರೆ ಮಾತ್ರ ಅದನ್ನೂ ಅದನ್ನು ಹಾಸಿದವನನ್ನೂ ಸೇರಿಸಿ ಬೈಯುತ್ತಾರೆ. ಕೋಲಾರದ ಚಿನ್ನದ ಗಣಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಬೈಗುಳ ತಿಂದವನು ನಾನು. ಹೋಸು ಹಾಸುವುದು, ತೊಳೆಯುವುದು, ಒಣಗಿಸುವುದು, ಸುತ್ತಿಡುವುದು ನನ್ನ ಕೆಲಸ. ಬೆಂಕಿ ಆರಿಸುವುದು ನೀರೇ ಹೌದು, ಆದರೆ ಆ ನೀರನ್ನು ಬೆಂಕಿಯ ತನಕ ಕೈಹಿಡಿದು ಕರೆದುಕೊಂಡು ಹೋಗುವುದು ಹೋಸು. ಇದನ್ನು ನಾನು ಹೇಳಿದರೆ ನನ್ನ ಹೆಂಡತಿ, "ಶುರುವಾಯ್ತು ಓಸಿನ ಪುರಾಣ" ಎಂದು ಎದ್ದು ಒಳಗೆ ಹೋಗುತ್ತಾಳೆ. ಆ ಹೋಸಿನ ದೆಸೆಯಿಂದಲೇ ಅವಳಿಗೆ ಗಂಡ ಸಿಕ್ಕಿದ್ದು ಎಂಬುದನ್ನು ಮಾತ್ರ ಅವಳೂ ಒಪ್ಪುತ್ತಾಳೆ.

ನಮ್ಮದು ಬೂದಿಕೋಟೆಯ ಹತ್ತಿರದ ಹಳ್ಳಿ. ಹೊಲ, ಬಾವಿ, ಎರಡು ಜೊತೆ ಎತ್ತು ಇದ್ದ ಮನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ತೊಗಲು ಬಾನಿಯ ಹೊಲಿಗೆ ಬಿಚ್ಚಿಹೋಗಿ ನೀರೆಲ್ಲ ಬಾವಿಗೇ ಸುರಿದಾಗ ನಮ್ಮಣ್ಣ, "ತೊಗಲು ಒಲಿಯಾಕೂ ಬರದೋನು ಯಾತಕ್ಕೆ ಬತ್ತೀಯಾ" ಎಂದ. ಹೊಲಿದಿದ್ದವನು ಅವನೇ. ನಾನು ಬಾನಿಯನ್ನು ಅಲ್ಲೇ ಬಿಟ್ಟು, ಉಟ್ಟ ಬಟ್ಟೆಯಲ್ಲೇ ಬಂಗಾರಪೇಟೆಗೆ ನಡೆದು, ಅಲ್ಲಿಂದ ರೈಲು ಹತ್ತಿ ಗಣಿಗೆ ಬಂದುಬಿಟ್ಟೆ. ಬರುವಾಗ ಹೊಸಿಲಲ್ಲಿ ನಿಂತು, ಗಣಿಯಲ್ಲಿ ಕೆಲಸ ಕಳೆದುಕೊಂಡು ಈ ಬಾಗಿಲಿಗೆ ಬಂದರೆ ನನ್ನ ಹೆಸರು ಬದಲಾಯಿಸಿ ಎಂದು ಹೇಳಿ ಬಂದಿದ್ದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಮನುಷ್ಯ ಇಂಥ ಮಾತನ್ನೇ ಆಡುವುದು.

ಭೂಮಿಯೊಳಗೆ ಇಳಿಯಲು ನನಗೆ ಭಯವಿತ್ತು. ಬೆಂಕಿ ಠಾಣೆಯಲ್ಲಿ ಹೋಸಿನವನು ವಯಸ್ಸಾಗಿ ಬಿಟ್ಟುಹೋದ ಎಂದು ಕೇಳಿ ಅಲ್ಲಿಗೆ ಹೋದೆ. ಠಾಣೆಯ ದೊರೆ ಮೊದಲು ಹಡಗಿನಲ್ಲಿ ಇದ್ದವರಂತೆ. ಕೆಂಪು ಮುಖ, ಬಿಳಿ ಮೀಸೆ, ಮಾತು ಬಲು ಕಡಿಮೆ. ಅವರ ಇಂಗ್ಲಿಷನ್ನು ನಮಗೂ ನಮ್ಮ ಕನ್ನಡವನ್ನು ಅವರಿಗೂ ದಾಟಿಸುತ್ತಿದ್ದವರು ಇಂಜಿನ್ನಿನ ಡ್ರೈವರ್. ಅವರ ಮನೆಮಾತು ತಮಿಳು, ನಮ್ಮೊಡನೆ ಕನ್ನಡ, ಇಂಜಿನ್ ಕೆಟ್ಟಾಗ ತೆಲುಗು. ಬೈಗುಳಕ್ಕೆ ತೆಲುಗೇ ಸರಿ ಎಂದು ಅವರ ನಂಬಿಕೆ. ಏನು ಕೆಲಸ ಬರುತ್ತದೆ ಎಂದು ದೊರೆ ಕೇಳಿಸಿದಾಗ, ಕಪಿಲೆ ಬಾನಿ ಹೊಲಿಯಲು ಬರುತ್ತದೆ ಎಂದೆ. ಅಣ್ಣನ ಮಾತು ಇನ್ನೂ ಉರಿಯುತ್ತಿತ್ತು. ದೊರೆ ನನ್ನ ಕೈ ತಿರುಗಿಸಿ ನೋಡಿ ತಲೆಯಾಡಿಸಿದರು.

ಆಗಿನ ಹೋಸು ಅಗಸೆ ನಾರಿನಿಂದ ನೇಯ್ದದ್ದು, ಒಳಗೆ ರಬ್ಬರು ಗಿಬ್ಬರು ಇಲ್ಲ. ಒಣಗಿದ ಹೋಸಿಗೆ ನೀರು ಬಿಟ್ಟರೆ ಮೊದಲು ಮೈಯೆಲ್ಲ ಬೆವರುತ್ತದೆ, ತೊಟ್ಟಿಕ್ಕುತ್ತದೆ. ನಾರು ನೀರು ಕುಡಿದು ಉಬ್ಬಿ ಎಳೆ ಎಳೆಯೂ ಕೂಡಿಕೊಂಡ ಮೇಲೆ ಸೋರುವುದು ನಿಲ್ಲುತ್ತದೆ. ಒದ್ದೆಯಲ್ಲೇ ಸುತ್ತಿಟ್ಟರೆ ಬೂಷ್ಟು ಹಿಡಿದು ನಾರು ಕೊಳೆಯುತ್ತದೆ. ಕೊಳೆತ ಹೋಸು ಎಷ್ಟು ಹೊತ್ತಾದರೂ ಸೋರುತ್ತಲೇ ಇರುತ್ತದೆ. ನನಗಿಂತ ಮುಂಚೆ ಇದ್ದವನು ಪುಣ್ಯಾತ್ಮ. ಅವನ ಕಾಲದ ಹೋಸುಗಳು ಸಗಣಿ ಬಳಿಯದ ಕಣಜದಂತಿದ್ದವು. ನಾನು ಒಂದೊಂದನ್ನೂ ಬ್ರಷ್ಷಿನಿಂದ ಉಜ್ಜಿ, ಠಾಣೆಯ ಹಿಂದಿನ ಎತ್ತರದ ಗೋಪುರದಲ್ಲಿ ನೇತುಹಾಕಿ ಒಣಗಿಸಿ, ಕೊಳೆತದ್ದನ್ನು ಕತ್ತರಿಸಿ ಎಸೆದು, ಎಸೆದರೆ ತಾನೇ ಬಿಚ್ಚಿಕೊಂಡು ಓಡುವ ಹಾಗೆ ಸುತ್ತಿಟ್ಟೆ. ಆರು ತಿಂಗಳಲ್ಲಿ ನನ್ನ ಹೋಸು ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಸೋರುವುದು ನಿಲ್ಲಿಸುತ್ತಿತ್ತು. ದೊರೆ ಒಂದು ಸಲ ಅದರ ಮೇಲೆ ಕೈಯಾಡಿಸಿ ಒಣ ಅಂಗೈ ನನಗೆ ತೋರಿಸಿದರು. ಅಷ್ಟಕ್ಕೆ ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಪ್ರತಿ ಶನಿವಾರ ಬೆಳಿಗ್ಗೆ ನಮಗೆ ಡ್ರಿಲ್ಲು. ನಂದಿದುರ್ಗ ಎಂಬ ಗಣಿಯ ಕೂಲಿಲೈನುಗಳ ಕೆಳಗಿನ ರಸ್ತೆಯಲ್ಲಿ ದಪ್ಪ ಕೊಳಾಯಿಯ ಬಾಯಿಗೆ ಇಂಜಿನ್ ಜೋಡಿಸಿ, ದಿಬ್ಬದ ತನಕ ಹೋಸು ಹಾಸಿ, ನೀರು ಹಾರಿಸಿ ತೋರಿಸಬೇಕು. ಆ ಲೈನುಗಳೆಂದರೆ ಬಿದಿರ ತಟ್ಟಿಯ ಗೋಡೆಯ ಗುಡಿಸಲುಗಳ ಸಾಲು. ಒಂದಕ್ಕೊಂದು ಬೆನ್ನು ತಾಗಿಸಿ ನಿಂತ ಹತ್ತು ಮನೆಗೆ ಒಂದೇ ಮಾಡು. ಬೇತಮಂಗಲದ ಕೆರೆಯಿಂದ ಬರುವ ನೀರು ಅಲ್ಲಿನ ನಲ್ಲಿಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಅದೂ ಸಣ್ಣಗೆ. ಹಾಗಾಗಿ ಶನಿವಾರ ನಮ್ಮ ಗಂಟೆ ಕೇಳಿದರೆ ಸಾಕು, ಹೆಂಗಸರೆಲ್ಲ ಕೊಡ ಹೊತ್ತು ಇಳಿದು ಬರುತ್ತಿದ್ದರು. ಹೋಸು ತೊಟ್ಟಿಕ್ಕುವ ಕಡೆ ಒಬ್ಬೊಬ್ಬಳೂ ಒಂದೊಂದು ಜಾಗ ಹಿಡಿದು ಕೊಡ ಇಡುವುದು ಅವರ ಪದ್ಧತಿ. ಅಮ್ಮನ ಜಾಗ ಮಗಳಿಗೆ, ಅತ್ತೆಯ ಜಾಗ ಸೊಸೆಗೆ. ಇದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ, ಯಾರ ಅಡ್ಡಿಯೂ ಇರಲಿಲ್ಲ.

ಅವರು ಬರುವುದು ನನ್ನ ಕೈಚಳಕ ನೋಡಲು ಎಂದು ನಾನು ತಿಳಿದಿದ್ದೆ. ಟೋಪಿ ಸ್ವಲ್ಪ ಓರೆ ಮಾಡಿಕೊಂಡು ಹೋಸು ಎಸೆಯುತ್ತಿದ್ದೆ. ಮೇಲಿನ ಸಾಲಿನ ಆರನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಗೋಣಿಚೀಲ ಹೊಲಿದು ಬದುಕುವವಳು, ಮಗ ಸೊಸೆ ಇಬ್ಬರೂ ಗಣಿಯ ಕೆಲಸಕ್ಕೆ ಹೋಗುವವರು. ಒಂದು ಶನಿವಾರ ಅವಳು ಅರ್ಧ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ನನ್ನೆದುರು ನಿಂತಳು.

"ಏನ್ಲಾ, ನಿನ್ ಓಸಿಗೆ ಏನಾಗೈತೆ? ನೀರೇ ಬಿಡಾಕಿಲ್ಲ ಅಂತದೆ."

"ಬಿಡದಂಗೆ ನಾನೇ ಮಾಡಿವ್ನಿ ಅಜ್ಜಿ" ಎಂದೆ, ಎದೆ ಉಬ್ಬಿಸಿ.

"ದೊಡ್ ಕೆಲ್ಸ ಮಾಡ್ದೆ ಓಗು. ನಿನಗಿಂತ ಮುಂಚೆ ಇದ್ದೋನು ದ್ಯಾವರಂಥೋನು. ಎಲ್ಡೆಲ್ಡು ಕೊಡ ತುಂಬೋದು."

ಅವಳಿಗೆ ಕೆಲಸದ ಬೆಲೆ ಗೊತ್ತಿಲ್ಲ ಎಂದುಕೊಂಡು ನಕ್ಕುಬಿಟ್ಟೆ.

ಅದಾದ ಎರಡು ವಾರಕ್ಕೆ ನನ್ನ ಹೋಸು ಅಲ್ಲಲ್ಲಿ ದಾರದಂತೆ ನೀರು ಚಿಮ್ಮಿಸತೊಡಗಿತು. ಗುಂಡಗೆ, ಸಣ್ಣಗೆ, ಚೊಕ್ಕವಾಗಿ ಬಿದ್ದ ತೂತುಗಳು. ಒಣಗಿದಾಗ ಎಳೆ ಮುಚ್ಚಿಕೊಂಡು ಕಣ್ಣಿಗೇ ಕಾಣದು, ನೀರಿನ ಒತ್ತಡ ಬಿದ್ದೊಡನೆ ಬಾಯಿ ತೆರೆಯುವುದು. ಡ್ರಿಲ್ಲಿನಲ್ಲಿ ಕಂಡದ್ದಕ್ಕೆಲ್ಲ ಇದ್ದಿಲಿನಿಂದ ಗುರುತು ಹಾಕಿ ತೇಪೆ ಹೊಲಿದೆ. ಮುಂದಿನ ಶನಿವಾರ ತೇಪೆಯ ಪಕ್ಕದಲ್ಲೇ ಹೊಸ ತೂತು. ಇಲಿಯ ಕೆಲಸ ಎಂದು ಬೋನು ಇಟ್ಟೆ. ಡ್ರೈವರ್ ಮನೆಯಿಂದ ಬೆಕ್ಕು ತಂದು ಹೋಸಿನ ಕೋಣೆಯಲ್ಲಿ ಬಿಟ್ಟೆ. ಅದು ಬೆಚ್ಚಗಿನ ಹೋಸಿನ ಸುರುಳಿಯ ಮೇಲೆ ಮಲಗಿ, ಅಲ್ಲೇ ನಾಲ್ಕು ಮರಿ ಹಾಕಿತು. ಹೋಸಿನ ಮೂತಿ ಹಿಡಿಯುವ ನಮ್ಮ ಮೀಸೆಯ ಮೇಸ್ತ್ರಿ ತೆಲುಗು ಕಡೆಯವರು. ಊರಿಗೆಲ್ಲ ಕೇಳುವ ಹಾಗೆ, "ಹಳ್ಳಿಯೋನು, ಓಸನ್ನ ಎಮ್ಮೆ ಎಳ್ದಂಗೆ ಕಲ್ಲಿನ್ ಮ್ಯಾಲೆ ಎಳೀತಾನೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ತೂತು ಮಾಡುವವನು ನನ್ನ ಕೈಗೆ ಸಿಕ್ಕರೆ ಕತ್ತು ಹಿಡಿದು ದೊರೆಯ ಮುಂದೆ ನಿಲ್ಲಿಸುತ್ತೇನೆ ಎಂದು ಎಲ್ಲರೆದುರು ಆಣೆ ಇಟ್ಟೆ.

ದೊರೆ ನನ್ನನ್ನು ಕರೆಸಿದರು. ಅವರು ಹೇಳಿದ್ದು ನಾಲ್ಕೇ ಮಾತು. ಡ್ರೈವರ್ ಅದನ್ನು ನಿಧಾನವಾಗಿ ಕನ್ನಡಕ್ಕೆ ತಂದರು: "ಬೆಂಕಿ ಬಿದ್ದ ದಿನ ಓಸು ಕೈಕೊಟ್ರೆ, ಅದೇ ದಿನ ನೀನು ನಿಮ್ಮೂರಿಗೆ ರೈಲು ಅತ್ಬೇಕಂತೆ."

ಅದು ಚೈತ್ರ ಮಾಸ. ವೈಶಾಖದಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಹುಡುಗಿ ಬಂಗಾರಪೇಟೆಯ ಹತ್ತಿರದವಳು. ಅವಳಪ್ಪ ನನ್ನ ಹೊಲ ನೋಡಲಿಲ್ಲ, ಕುಲ ನೋಡಿದ್ದು ಸಾಕು ಎಂದು ನನ್ನ ಅಂಗಿಯ ಹಿತ್ತಾಳೆ ಗುಂಡಿಗಳನ್ನೇ ನೋಡಿ ಒಪ್ಪಿದ್ದ. ಗುಂಡಿ ಹೋದರೆ ಹುಡುಗಿಯೂ ಇಲ್ಲ, ಇತ್ತ ಊರಿನ ಹೊಸಿಲಲ್ಲಿ ಅಣ್ಣ ನಗುತ್ತ ನಿಂತಿರುತ್ತಾನೆ. ಧೈರ್ಯವಿತ್ತು ಎಂದು ಸುಳ್ಳು ಹೇಳಲಾರೆ, ಹೆದರಿದ್ದೆ.

ಬೆಂಕಿ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ಅದೇ ನಂದಿದುರ್ಗದ ಮೇಲಿನ ಸಾಲಿನಲ್ಲಿ. ಯಾರೋ ಒಲೆಯ ಬೂದಿ ಹೊರಗೆ ಚೆಲ್ಲಿದ್ದರು, ಗಾಳಿ ಕೆಂಡವನ್ನು ತಟ್ಟಿಗೆ ತಂದಿತ್ತು. ಗಂಡಸರೆಲ್ಲ ಭೂಮಿಯೊಳಗೆ ಪಾಳಿಯಲ್ಲಿ. ನಾವು ಹೋಗುವ ಹೊತ್ತಿಗೆ ಹತ್ತು ಮನೆಯ ಆ ಸಾಲಿನಲ್ಲಿ ಎರಡು ಮನೆ ಹೋಗಿ ಮೂರನೆಯದು ಉರಿಯುತ್ತಿತ್ತು. ಮಕ್ಕಳನ್ನೂ ಮುದುಕರನ್ನೂ ಹೊರಗೆ ತಂದಾಗಿತ್ತು, ಪುಣ್ಯ. ಓಣಿ ಇಕ್ಕಟ್ಟು, ಇಂಜಿನ್ ಮೇಲೆ ಹತ್ತುವುದಿಲ್ಲ. ರಸ್ತೆಯಲ್ಲೇ ಅದನ್ನು ನಿಲ್ಲಿಸಿ ಹತ್ತು ಹೋಸು ಡ್ರಿಲ್ಲಿನ ಕ್ರಮದಲ್ಲೇ ಒಂದಕ್ಕೊಂದು ಜೋಡಿಸಿ, ಡ್ರಿಲ್ಲಿನ ದಾರಿಯಲ್ಲೇ ಹಾಸಿದೆ. ಇಷ್ಟು ವರ್ಷದಲ್ಲಿ ಅಷ್ಟು ಬೇಗ ನಾನು ಎಂದೂ ಹಾಸಿಲ್ಲ. ಮೇಸ್ತ್ರಿ ಮೇಲೆ ಮೂತಿ ಹಿಡಿದು ಕೈ ಎತ್ತಿದರು, ಕೆಳಗೆ ಡ್ರೈವರ್ ಪಂಪು ಬಿಟ್ಟರು. ಹೋಸು ಉಬ್ಬುತ್ತ ಓಣಿ ಹತ್ತಿತು. ಮೂತಿಯಲ್ಲಿ ನೀರು ಬಂತು. ಬಂತು ಅಂದರೆ, ತುಳಸಿ ಗಿಡಕ್ಕೆ ಹಾಕುವಷ್ಟು.

ಮೇಸ್ತ್ರಿ ತಿರುಗಿ ನನ್ನನ್ನು ನೋಡಿದರು. ಅವರ ಪಕ್ಕದಲ್ಲಿದ್ದ ದೊರೆಯೂ ನೋಡಿದರು.

ನಾನು ಹೋಸಿನ ಜೊತೆಗೆ ಕೆಳಕ್ಕೆ ಓಡಿದೆ. ಹತ್ತು ಹೆಜ್ಜೆಗೆ ಒಂದು ಕಡೆ, ಕೆಲವು ಕಡೆ ಎರಡೆರಡು, ನೀರು ಆಳೆತ್ತರ ಚಿಮ್ಮುತ್ತಿತ್ತು. ಮೇಲೆ ಹೋಗಬೇಕಾದ ನೀರೆಲ್ಲ ದಾರಿಯಲ್ಲೇ ಕಾರಂಜಿಯಾಡುತ್ತಿತ್ತು. ಚೀಲದಲ್ಲಿ ನಾಲ್ಕು ತೊಗಲು ಪಟ್ಟಿ ಇದ್ದವು. ನಾಲ್ಕು ತೂತಿಗೆ ಬಿಗಿದೆ. ಐದನೆಯದರ ಮೇಲೆ ಕೂತೆ, ಆರನೆಯದನ್ನು ಅಂಗೈಯಲ್ಲಿ ಒತ್ತಿದೆ. ಅಷ್ಟಕ್ಕೆ ನನ್ನ ಮೈಯೂ ಮುಗಿಯಿತು, ಕೈಯೂ ಮುಗಿಯಿತು. ಅಲ್ಲಿಗೆ ನನ್ನ ಕೆಲಸ ಹೋಯಿತು, ಮದುವೆ ಹೋಯಿತು ಎಂದುಕೊಂಡೆ. ಮೇಲೆ ನಾಲ್ಕನೆಯ ಮನೆಯ ತಟ್ಟಿಗೆ ಹೊಗೆ ಹತ್ತಿತ್ತು.

ಆಗ ಅಜ್ಜಿ ಓಡಿ ಬಂದಳು. ಅವಳ ಮನೆ ಆರನೆಯದು. ಸಾಮಾನು ಎತ್ತಲು ಅವಳು ಆ ಕಡೆಗೆ ಓಡಬೇಕಿತ್ತು. ಅವಳು ಓಡಿ ಬಂದದ್ದು ಹೋಸಿನ ಕಡೆಗೆ. ಹುಡುಕಲಿಲ್ಲ, ನೋಡಲಿಲ್ಲ, ನೇರವಾಗಿ ಒಂದು ಕಲ್ಲಿನ ಪಕ್ಕಕ್ಕೆ ಬಂದು, ಚಿಮ್ಮುವ ನೀರಿಗೆ ಸೆರಗು ಅದುಮಿ, ಅದರ ಮೇಲೆ ಪೀಠ ಹಾಕಿದ ಹಾಗೆ ಕೂತಳು. ಕೂತು ಓಣಿಯ ಕಡೆ ತಿರುಗಿ ಕೂಗಿದಳು:

"ನೋಡ್ತಾ ನಿಂತವ್ರೆ ನೋಡು ಬಿತ್ರಿಗಳು. ಬನ್ರೇ, ನಿಮ್ಮ್ ನಿಮ್ಮವು ಇಡ್ಕಳ್ಳಿ."

ಅವರು ಬಂದರು. ಸೊಸೆಯಂದಿರು, ಬಸುರಿಯೊಬ್ಬಳು, ಕಂಕುಳಲ್ಲಿ ಕೂಸು ಇದ್ದವಳು ಕೂಸನ್ನು ಇನ್ನೊಬ್ಬಳ ಕೈಗೆ ಕೊಟ್ಟು. ತಮಿಳಿನವರು, ತೆಲುಗಿನವರು, ನಮ್ಮವರು. ಒಬ್ಬೊಬ್ಬಳೂ ತನ್ನ ತನ್ನ ಜಾಗಕ್ಕೆ, ಶನಿವಾರ ಕೊಡ ಇಡುವ ಅದೇ ಜಾಗಕ್ಕೆ ಬಂದು, ಸೆರಗೋ ಸಿಂಬಿಯ ಬಟ್ಟೆಯೋ ಅದುಮಿ ಕೂತಳು. ಕಾರಂಜಿಗಳು ಒಂದೊಂದಾಗಿ ಆರಿದವು. ನನ್ನ ಕೆಳಗೆ ಹೋಸು ಬಿಗಿಯಾದದ್ದು ನನಗೆ ತೊಡೆಯಲ್ಲಿ ಗೊತ್ತಾಯಿತು. ಮೇಲೆ ಮೂತಿಯಿಂದ ನೀರು ಸುಂಯ್ ಎಂದು ಎದ್ದು ಮಾಡಿನ ಬೆನ್ನಿಗೆ ಬಡಿಯಿತು. ಆ ಸದ್ದಿನಂಥ ಸದ್ದು ನಾನು ಇನ್ನೊಂದು ಕೇಳಿಲ್ಲ.

ಆಗ ನನಗೆ ಎಲ್ಲ ಹೊಳೆಯಿತು. ಬೋನು, ಬೆಕ್ಕು, ಇದ್ದಿಲಿನ ಗುರುತು, ಎಲ್ಲ. ತಿಂಗಳಿನಿಂದ ನಾನು ಹುಡುಕುತ್ತಿದ್ದ ಕಳ್ಳರು ನನ್ನ ಕಣ್ಣೆದುರಿಗೇ ಸಾಲಾಗಿ ಕೂತಿದ್ದರು, ತಮ್ಮ ತಮ್ಮ ಕಳವಿನ ಮೇಲೆಯೇ. ನಾನು ಹೋಸನ್ನು ಚೆನ್ನಾಗಿ ನೋಡಿಕೊಂಡಷ್ಟೂ ಅವರ ಕೊಡ ಬರಿದಾಗಿತ್ತು. ಬರಿದಾದ ಕೊಡಕ್ಕೆ ಅವರು ಅವರದೇ ಉಪಾಯ ಹುಡುಕಿಕೊಂಡಿದ್ದರು: ಡ್ರಿಲ್ಲು ಮುಗಿದು ನಾನು ಹೋಸು ಸುತ್ತುವ ಮುಂಚೆ, ಮುಂದಿನ ಶನಿವಾರಕ್ಕೆಂದು ತಮ್ಮ ತಮ್ಮ ಜಾಗದಲ್ಲಿ ಒಂದೊಂದು ತೂತು. ನನಗೆ ಕೋಪ ಬಂತು, ಖಂಡಿತ ಬಂತು. ಎದ್ದು ಬೈಯಬೇಕು ಅನ್ನಿಸಿತು. ಎದ್ದರೆ ನನ್ನ ಕೆಳಗಿನ ತೂತು ಬಾಯಿ ಬಿಡುತ್ತದಲ್ಲ, ಅದಕ್ಕೆ ಕೂತಲ್ಲೇ ಕೂತೆ. ಕೂತವನಿಗೆ ಯಾಕೋ ನಗು ಬಂತು. ಎದುರಿಗೆ ಸೊಂಟದ ತನಕ ನೆನೆದು ಕೂತಿದ್ದ ಬಸುರಿಯೂ ನಕ್ಕಳು.

ಬೆಂಕಿ ನಾಲ್ಕನೆಯ ಮನೆಯಲ್ಲಿ ನಿಂತಿತು. ಮೂರು ಮನೆ ಪೂರ್ತಿ ಹೋದವು, ನಾಲ್ಕನೆಯದರ ಅರ್ಧ ಗೋಡೆ ಹೋಯಿತು, ಉಳಿದ ಆರು ನೆನೆದು ತೊಪ್ಪೆಯಾಗಿ ಉಳಿದವು. ಯಾರಿಗೂ ಒಂದು ಬೊಬ್ಬೆಯೂ ಏಳಲಿಲ್ಲ. ಹೊಗೆ ಏಳುವ ಜಾಗ ತಣಿಸಲು ಇನ್ನೂ ನೀರು ಬಿಡುತ್ತಲೇ ಇದ್ದುದರಿಂದ ಹೆಂಗಸರು ಏಳುವ ಹಾಗಿರಲಿಲ್ಲ. ಆ ಹೊತ್ತಿಗೆ ದೊರೆ ಮೇಲಿನಿಂದ ಹೋಸಿನ ಪಕ್ಕದಲ್ಲೇ ನಡೆದು ಇಳಿದು ಬಂದರು. ಒಬ್ಬೊಬ್ಬರ ಮುಂದೆಯೂ ಒಂದು ಕ್ಷಣ ನಿಂತು ಬಂದರು. ನನ್ನ ಮುಂದೆ ನಿಂತು ಡ್ರೈವರನ್ನು ಕರೆದರು.

"ಈ ತೂತು ಮಾಡಿದೋರು ಯಾರು ಅಂತ ಕೇಳ್ತಾವ್ರೆ" ಎಂದರು ಡ್ರೈವರ್.

ನನ್ನ ಕೆಲಸ ಉಳಿಯುವುದು ನನ್ನ ಒಂದು ಮಾತಿನಲ್ಲಿತ್ತು. ಕೈ ತೋರಿಸಿದರೆ ಸಾಕು, ನನ್ನ ಮೇಲಿನ ದೂರು ಹರಿದುಹೋಗುತ್ತಿತ್ತು. ಆಣೆ ಬೇರೆ ಇಟ್ಟಿದ್ದೆ. ತೋರಿಸಿದರೆ ಆ ಹೆಂಗಸರ ಗಂಡಂದಿರ ಕೆಲಸ ಏನಾಗುತ್ತಿತ್ತೋ, ಲೈನಿನ ಮನೆ ಉಳಿಯುತ್ತಿತ್ತೋ ಇಲ್ಲವೋ. ಅಜ್ಜಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಲಿಲ್ಲ. ಹೇಳುವುದಾದರೆ ಹೇಳು ಎಂಬಂತೆ ನನ್ನನ್ನೇ ನೋಡುತ್ತಿದ್ದಳು. ನನಗೆ ನಮ್ಮಮ್ಮನ ನೆನಪಾಯಿತು.

"ಎಗ್ಗಣ ದೊರೆ" ಎಂದೆ.

ಡ್ರೈವರ್ ಒಂದು ಸಲ ನನ್ನ ಮುಖ ನೋಡಿ, ಗಂಟಲು ಸರಿಮಾಡಿಕೊಂಡು, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ದೊರೆ ಓಣಿಯ ಉದ್ದಕ್ಕೂ ಕೂತಿದ್ದ ಸಾಲನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಎಷ್ಟು ಎಗ್ಗಣ ಅಂತ ಕೇಳ್ತಾವ್ರೆ."

"ಇಪ್ಪತ್ತಮೂರು" ಎಂದೆ. ಕೂತಲ್ಲೇ ತೂತು ಎಣಿಸಿದ್ದೆ, ನಾನು ಮುಚ್ಚಿದ ಆರನ್ನೂ ಸೇರಿಸಿ.

ಬಿಳಿ ಮೀಸೆ ಸ್ವಲ್ಪ ಅಲುಗಿತು. ದೊರೆ ಹೇಳಿದ್ದನ್ನು ಡ್ರೈವರ್ ಎಲ್ಲರಿಗೂ ಕೇಳುವ ಹಾಗೆ, ಮೂರು ಭಾಷೆಯಲ್ಲೂ ಹೇಳಿದರು. ಇನ್ನು ಮೇಲೆ ಶನಿವಾರ ಡ್ರಿಲ್ಲು ಮುಗಿದ ಮೇಲೆ ಅರ್ಧ ಗಂಟೆ ದೊಡ್ಡ ಕೊಳಾಯಿ ತೆರೆದೇ ಇರತಕ್ಕದ್ದು. ಹೆಗ್ಗಣಕ್ಕೆ ಬಾಯಾರಿದರೆ ಅದು ಹೋಸು ಕಡಿಯುತ್ತದೆ. ಹೋಸಿನವನು ಶನಿವಾರದೊಳಗೆ ಇಪ್ಪತ್ತಮೂರು ತೇಪೆ ಹಾಕತಕ್ಕದ್ದು. ರೈಲಿನ ಮಾತೇ ಬರಲಿಲ್ಲ. ನಾನು ಹೋಸಿನ ಮೇಲೆ ಕೂತೇ ಸಲಾಮು ಹೊಡೆದೆ. ಅದಕ್ಕೆ ಮೇಸ್ತ್ರಿ ಆಮೇಲೆ ಬಹಳ ಬೈದರು.

ಇಪ್ಪತ್ತಮೂರು ತೇಪೆ ಅಂದರೆ ಹುಡುಗಾಟವಲ್ಲ. ಗೋಪುರದ ನೆರಳಿನಲ್ಲಿ ಕೂತು ಹೊಲಿಯುತ್ತಿದ್ದವನಿಗೆ ಒಂಬತ್ತನೆಯದಕ್ಕೆ ಠಾಣೆಯ ಸೂಜಿ ಮುರಿಯಿತು. ಸೂಜಿಗೊಂದಿಷ್ಟು ಬೈದು ತಲೆ ಎತ್ತಿದರೆ ಅಜ್ಜಿ ಮುಂದೆ ನಿಂತಿದ್ದಾಳೆ. ಮಡಿಲಿನಿಂದ ಒಂದು ದಬ್ಬಳ ತೆಗೆದಳು. ಗೋಣಿ ಹೊಲಿಯುವ, ಗೇಣುದ್ದದ ಕಬ್ಬಿಣದ ಸೂಜಿ. ತುದಿ ಸವೆದು ಹೊಳೆಯುತ್ತಿತ್ತು. ಇಪ್ಪತ್ತಮೂರು ಮನೆಗೂ ಅದೊಂದೇ ದಬ್ಬಳ ಕೈಯಿಂದ ಕೈಗೆ ಓಡಾಡಿತ್ತು ಎಂದು ನನಗೆ ಆಗ ಗೊತ್ತಾಯಿತು.

"ತಗಾ. ಇದ್ರಾಗೇ ಚುಚ್ಚಿದ್ದು, ಇದ್ರಾಗೇ ಒಲಿ" ಎಂದಳು. ದಬ್ಬಳವನ್ನು ನನ್ನ ಕೈಗಿಟ್ಟು, "ನನ್ತಾವ ಇದ್ರೆ ಕೈ ಸುಮ್ಕಿರಾಕಿಲ್ಲ ಕಣ್ಲಾ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಹೇಳಿದರೆ ತಪ್ಪೇನಿಲ್ಲ. ಆಮೇಲೆ ಅವಳು ನನ್ನ ಎದುರು ಕೂತು, ನಾನು ಹಾಕಿದ ಒಂಬತ್ತು ತೇಪೆಯಲ್ಲಿ ನಾಲ್ಕನ್ನು ಬಿಚ್ಚಿ, ಹೊಲಿಗೆ ಬರುವುದಿಲ್ಲ ನಿನಗೆ ಎಂದು ಗೊಣಗುತ್ತ ಮತ್ತೆ ಹೊಲಿದಳು. ಅಣ್ಣ ಕೇಳಿಸಿಕೊಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ.

ವೈಶಾಖದಲ್ಲಿ ಮದುವೆಯಾಯಿತು. ಗಣಿಗೆ ಬಂದ ನನ್ನ ಹೆಂಡತಿಯನ್ನು ಮೊದಲ ಶನಿವಾರವೇ ಅಜ್ಜಿ ಕರೆದುಕೊಂಡು ಹೋಗಿ ಕೊಳಾಯಿಯ ಸಾಲಿನಲ್ಲಿ ಒಂದು ಜಾಗ ಕೊಡಿಸಿದಳು. ಹೋಸು ಮತ್ತೆ ಎಂದೂ ಕೈಕೊಡಲಿಲ್ಲ. ಬೆಂಕಿ ಬಿದ್ದಾಗ ನಾನು ಹೋಸು ಎಸೆದು ಓಡುತ್ತಿದ್ದರೆ ಹಿಂದೆ ಹೆಂಗಸರು ಅದರ ಕೆಳಗಿನ ಕಲ್ಲು ಮುಳ್ಳು ಎತ್ತಿ ಎಸೆಯುತ್ತ ಬರುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ.

ಕೆಲಸ ಬಿಡುವ ದಿನ ಠಾಣೆಯಲ್ಲಿ ಎಲ್ಲವನ್ನೂ ಲೆಕ್ಕ ಒಪ್ಪಿಸಬೇಕಿತ್ತು. ಟೋಪಿ, ಅಂಗಿ, ಹಿತ್ತಾಳೆ ಗುಂಡಿ, ತೊಗಲು ಪಟ್ಟಿ, ಬ್ರಷ್ಷು. ಗುಮಾಸ್ತ ದಬ್ಬಳವನ್ನು ಕೈಗೆತ್ತಿಕೊಂಡು ಪಟ್ಟಿಯಲ್ಲಿ ಹುಡುಕಿದ. ಇರಲಿಲ್ಲ. ಇದು ಯಾರದು ಎಂದು ಕೇಳಿದ. ಅಜ್ಜಿ ಹೋಗಿ ಆಗಲೇ ಬಹಳ ವರ್ಷವಾಗಿತ್ತು. "ಎಗ್ಗಣದ್ದು" ಎಂದು ಹೇಳಿ, ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.